ಹದಿಮೂರು ರೆಪೊ, ಒಬ್ಬ ಕಾವಲುಗಾರ

ಶ್ರೀಗಂಧದ ಕಾವಲಿನ ನನ್ನ ಬಾಡಿಗೆ ಕೋಣೆಯ ಲ್ಯಾಪ್‌ಟಾಪಿನಲ್ಲಿ 13 ರೆಪೊಗಳಿವೆ, ಅಂದರೆ ಕೋಡನ್ನೂ ಅದರ ಬದಲಾವಣೆಗಳ ಇತಿಹಾಸವನ್ನೂ ಇಡುವ ಭಂಡಾರಗಳು. ಹೆಚ್ಚಿನವು ಗ್ನೋಮ್ ಡೆಸ್ಕ್‌ಟಾಪಿನವು: ಕಡತಗಳನ್ನು ತೋರಿಸುವ ನಾಟಿಲಸ್‌ಗೆ ಒಂದು, ಪಠ್ಯ ಬರೆಯುವ ಜಿಎಡಿಟ್‌ಗೆ ಇನ್ನೊಂದು, ಪಿಡಿಎಫ್ ತೆರೆಯುವ ಇವಿನ್ಸ್‌ಗೆ ಮತ್ತೊಂದು. ಪ್ರತಿಯೊಂದರ ಹೊಟ್ಟೆಯಲ್ಲೂ ಕನ್ನಡ ಅನುವಾದದ ಒಂದೊಂದು ಕಡತ. ಇನ್ನೊಂದು ಡೆಸ್ಕ್‌ಟಾಪ್ ಕಟ್ಟುವ ಕೆಡಿಇಯವರ ದಾರಿ ಬೇರೆ. ಅವರ ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ಗೆ ಬಂದರೂ ಅನುವಾದಗಳು ಹಳೆಯ ಸಬ್‌ವರ್ಷನ್‌ನಲ್ಲೇ, ಭಾಷೆಗೊಂದು ಫೋಲ್ಡರಿನಂತೆ ಉಳಿದವು. ದಿನಾ ಬೆಳಿಗ್ಗೆ ಹದಿಮೂರು ಮನೆ ಹೊಕ್ಕು ಹೊರಬರುವ ಬದಲು 'ಎಂಆರ್ ಅಪ್‌ಡೇಟ್' ಎಂದು ಒಮ್ಮೆ ಟೈಪಿಸಿದರೆ ಸಾಲದೇ?

ಎಂಆರ್ ಅಂದರೆ ಮೈರೆಪೋಸ್. ಜೋಯಿ ಹೆಸ್ ಪರ್ಲ್‌ನಲ್ಲಿ ಬರೆದ ಟರ್ಮಿನಲ್ ಸಲಕರಣೆ. ಯಾವ ರೆಪೊ ಎಲ್ಲಿದೆ ಎಂದು ಒಂದು ಪಠ್ಯ ಕಡತದಲ್ಲಿ ಬರೆದಿಟ್ಟರೆ, ಗಿಟ್ ಇದ್ದಲ್ಲಿ ಗಿಟ್‌ನಂತೆ, ಸಬ್‌ವರ್ಷನ್ ಇದ್ದಲ್ಲಿ ಅದರಂತೆ ಕೆಲಸ ಮುಗಿಸಿಕೊಂಡು ಬರುತ್ತದೆ. ಲ್ಯಾಪ್‌ಟಾಪ್ ಬದಲಾದರೂ ಆ ಒಂದು ಕಡತ ಕೈಯಲ್ಲಿದ್ದರೆ ಸಾಕು, ಎಲ್ಲ ರೆಪೊಗಳೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಕರೆಂಟಿನೊಂದಿಗೆ ನೆಟ್ಟೂ ಹೋಗುವ ನಮ್ಮಂಥವರಿಗೆ ಇನ್ನೊಂದು ಉಪಕಾರವಿದೆ: 'ಆಫ್‌ಲೈನ್' ಎಂದು ಹೇಳಿಟ್ಟರೆ, ಸೋತ ಕೆಲಸಗಳನ್ನು ನೆನಪಿಟ್ಟುಕೊಂಡು 'ಆನ್‌ಲೈನ್' ಅಂದಾಗ ಮತ್ತೆ ಮಾಡುತ್ತದೆ. ಮೂರು ಸಾಲಿನ ಶೆಲ್ ಲೂಪಿನಿಂದಲೂ ಎಲ್ಲವನ್ನೂ ಅಪ್‌ಡೇಟ್ ಮಾಡಬಹುದು ನಿಜ. ಈ ನೆನಪು ಮಾತ್ರ ಅದಕ್ಕಿರುವುದಿಲ್ಲ. ನೂರಾರು ಗಿಟ್ ರೆಪೊಗಳಲ್ಲಿ ಹರಡಿಕೊಂಡ ಆಂಡ್ರಾಯ್ಡ್‌ಗೆ ಗೂಗಲ್ ಕೂಡ 'ರೆಪೊ' ಎಂಬ ಇಂಥದ್ದೇ ಸಲಕರಣೆ ಕಟ್ಟಿಕೊಂಡಿದ್ದು ಸುಮ್ಮನೆ ಅಲ್ಲ.

ಆಕ್ಷೇಪಗಳೂ ಹಗುರವಲ್ಲ. ಹನ್ನೆರಡು ರೆಪೊ ಸರಿಹೋಗಿ ಹದಿಮೂರನೆಯದು ಕಾನ್‌ಫ್ಲಿಕ್ಟ್‌ಗೆ ಸಿಕ್ಕಿದರೆ, ಕೊನೆಯ ಸಾಲಿನಲ್ಲಿ '12 ಓಕೆ, 1 ಫೇಲ್ಡ್' ಎಂದು ಬರುತ್ತದೆ, ಅಷ್ಟೇ. ಆದ ಹನ್ನೆರಡನ್ನು ಹಿಂದಕ್ಕೆ ತರುವ ಏರ್ಪಾಡಿಲ್ಲ. ಬದಲಾವಣೆಯನ್ನು ಸಂದೇಶದೊಂದಿಗೆ ದಾಖಲಿಸುವ ಕಮಿಟ್ ವಿಷಯ ಇನ್ನೂ ಸೂಕ್ಷ್ಮ. 'ಫೈಲ್' ಅನ್ನು ಒಂದು ಕಡೆ 'ಕಡತ', ಇನ್ನೊಂದು ಕಡೆ 'ಫೈಲು' ಎಂದು ಬರೆದಿರುತ್ತೇವೆ. ಅವನ್ನು ಸರಿಪಡಿಸಿ ಎಲ್ಲಕ್ಕೂ ಒಂದೇ ಸಂದೇಶ ಅಂಟಿಸಿ ಕಳಿಸಿದರೆ, ಎಲ್ಲಿ ಏನು ಬದಲಾಯಿತು, ಯಾಕೆ ಬದಲಾಯಿತು ಎಂಬುದು ಮುಂದೆ ನೋಡುವವರಿಗೆ ತಿಳಿಯುವುದಿಲ್ಲ. ಪಟ್ಟಿಯ ಕಡತದೊಳಗೆ ಶೆಲ್ ಆಜ್ಞೆಗಳೂ ಇರಬಹುದು. ಬೇರೆಯವರದನ್ನು ಓದದೆ ಓಡಿಸುವುದು ಅಪರಿಚಿತರಿಗೆ ಮನೆಯ ಬೀಗದಕೈ ಕೊಟ್ಟಂತೆ. ಎಲ್ಲಕ್ಕಿಂತ ಮೂಲಭೂತವಾದ ಪ್ರಶ್ನೆ ಕೆಡಿಇಯವರದು: ಅನುವಾದಗಳನ್ನು ಒಟ್ಟಿಗೇ ಇಟ್ಟಿದ್ದರೆ ಈ ಸಲಕರಣೆಯ ಹಂಗೇಕೆ? ಆದರೆ ಅನುವಾದಕನಿಗೆ ಆ ಆಯ್ಕೆ ಇಲ್ಲ. ರೆಪೊ ಒಡೆಯುವುದೋ ಕೂಡಿಸುವುದೋ ಯೋಜನೆಯವರ ಕೈಯಲ್ಲಿದೆ.

ಎರಡೂ ಕಡೆ ತೂಗಿ ನಾನು ಹಾಕಿಕೊಂಡ ಗೆರೆ ಇದು. ನೋಡುವ ಕೆಲಸ, ತರುವ ಕೆಲಸ ಎಂಆರ್‌ಗೆ: ಸ್ಟೇಟಸ್, ಡಿಫ್, ಅಪ್‌ಡೇಟ್. ಕಮಿಟ್ ಮತ್ತು ಪುಷ್ ಮಾತ್ರ ಆಯಾ ಫೋಲ್ಡರಿಗೆ ಹೋಗಿ ಕೈಯಾರೆ. ಗಸ್ತು ತಿರುಗಲು ಕಾವಲುಗಾರ ಒಬ್ಬನೇ ಸಾಕು. ರುಜು ಹಾಕುವವರು ಮಾತ್ರ ಒಂದೊಂದು ಕಾಗದವನ್ನೂ ಓದಲೇಬೇಕು.