ಗ್ರಾಮಸಭೆಗೆ ಬನ್ನಿ, ಲೆಕ್ಕ ಕೇಳಿ

ಹಾರನಹಳ್ಳಿ ಮತ್ತು ಸುತ್ತಲ ಹಳ್ಳಿಗಳ ಮತದಾರ ಬಂಧುಗಳೇ,

ನಮ್ಮೂರ ಲಕ್ಷ್ಮೀನರಸಿಂಹ ದೇವಸ್ಥಾನ ಕಟ್ಟಿದ್ದು 1230ರ ದಶಕದಲ್ಲಿ. ಅದಕ್ಕೂ ಸುಮಾರು 1,700 ವರ್ಷ ಹಿಂದೆ ಗ್ರೀಸ್ ದೇಶದ ಅಥೆನ್ಸ್ ಪಟ್ಟಣದಲ್ಲಿ ಜನರೇ ಗುಡ್ಡದ ಮೇಲೆ ಸೇರಿ, ಕೈ ಎತ್ತಿ, ಯುದ್ಧವೇ ಸಂಧಿಯೇ ಎಂಬುದನ್ನೂ ತೀರ್ಮಾನಿಸುತ್ತಿದ್ದರು. ಕೆಲವು ಮುಖ್ಯ ವಿಷಯಗಳಿಗೆ 6,000 ಮಂದಿ ಸೇರಲೇಬೇಕಿತ್ತು. ಬಹುಪಾಲು ಹುದ್ದೆಗಳಿಗೆ ಚೀಟಿ ಎತ್ತಿದಂತೆ ಆಯ್ಕೆ. ಅವಧಿ ಮುಗಿದವನು ಪೈಸೆ ಪೈಸೆಗೂ ಲೆಕ್ಕ ಒಪ್ಪಿಸಬೇಕು. ಸಂತೆಬೀದಿಯಲ್ಲಿ ಹರಟೆ ಹೊಡೆಯುವವರನ್ನು ಕೆಂಪು ಬಣ್ಣ ಮೆತ್ತಿದ ಹಗ್ಗ ಹಿಡಿದು ಸಭೆಗೆ ಅಟ್ಟುತ್ತಿದ್ದರಂತೆ! ಬಡವನ ಕೂಲಿ ತಪ್ಪಬಾರದೆಂದು ಮುಂದೆ ಸಭೆಗೆ ಬಂದವರಿಗೆ ಸರ್ಕಾರವೇ ಕಾಸು ಕೊಟ್ಟಿತು.

ಹಾಗಂತ ಅಥೆನ್ಸನ್ನು ಹೊಗಳಿ ಅಟ್ಟಕ್ಕೇರಿಸುವುದು ಬೇಡ. ಹೆಂಗಸರಿಗೆ ಆ ಸಭೆಗೆ ಪ್ರವೇಶವಿಲ್ಲ. ಗುಲಾಮರಿಗಿಲ್ಲ. ಹೊರಗಿನಿಂದ ಬಂದು ತಲೆಮಾರುಗಟ್ಟಲೆ ನೆಲೆಸಿದವರಿಗೂ ಇಲ್ಲ. ಇನ್ನೊಂದು, ಆತುರ. ಕ್ರಿ.ಪೂ. 406ರಲ್ಲಿ ಸಮುದ್ರಯುದ್ಧ ಗೆದ್ದ ಸೇನಾಪತಿಗಳು ಬಿರುಗಾಳಿಗೆ ಸಿಕ್ಕ ತಮ್ಮ ನಾವಿಕರನ್ನು ಉಳಿಸಲಿಲ್ಲವೆಂದು ಜನ ರೊಚ್ಚಿಗೆದ್ದರು. ಒಬ್ಬೊಬ್ಬರನ್ನೇ ವಿಚಾರಿಸದೆ, ಎಂಟು ಜನರಿಗೂ ಒಂದೇ ಮತದಲ್ಲಿ ಮರಣದಂಡನೆ ವಿಧಿಸಿದರು. ಕೂಡದು ಎಂದವರಲ್ಲಿ ಸಾಕ್ರೆಟಿಸನೂ ಒಬ್ಬ, ಕೇಳಿದವರಿಲ್ಲ. ಕೈಗೆ ಸಿಕ್ಕ ಆರು ಜನರ ಪ್ರಾಣ ಹೋಯಿತು. ಆಮೇಲೆ ಅದೇ ಜನ ಪಶ್ಚಾತ್ತಾಪಪಟ್ಟರು.

ಸಭೆಗೆ ಯಾರು ಬರಬಹುದೆಂಬುದರಲ್ಲಿ ನಮ್ಮದು ಅಥೆನ್ಸಿಗೆ ತದ್ವಿರುದ್ಧ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ, ಯಾವ ಜಾತಿಯವರಾಗಲಿ, ಹೆಣ್ಣಾಗಲಿ ಗಂಡಾಗಲಿ, ಗ್ರಾಮಸಭೆಯ ಸದಸ್ಯರೇ. ಕೋರಂಗೆ ಹತ್ತರಲ್ಲೊಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸಾಕು. ಅಷ್ಟೂ ಸೇರದೆ ಎಷ್ಟೋ ಊರುಗಳಲ್ಲಿ ಸ್ತ್ರೀಶಕ್ತಿ ಸಂಘದವರನ್ನು ಕರೆತಂದು, ಪುಸ್ತಕಕ್ಕೆ ಸಹಿ ಹಾಕಿಸಿ, ಕಾಫಿ ಕೊಟ್ಟು ಕಳಿಸುತ್ತಾರೆ. ಮನೆ ಯಾರಿಗೆ ಮಂಜೂರಾಯಿತೆಂದು ಊರಿಗೆ ತಿಳಿಯುವುದು ಪಾಯ ತೋಡಿದ ಮೇಲೆ!

ತೆಂಗಿನ ತೋಟಕ್ಕೆ ಕೂಲಿಗೆ ಹೋದವರು ಬೆಳಿಗ್ಗೆ 11ರ ಸಭೆಗೆ ಹೇಗೆ ಬಂದಾರು? ಸಭೆ ಸಂಜೆ ನಡೆಯಲಿ, ಇಲ್ಲವೇ ಭಾನುವಾರ ನಡೆಯಲಿ. ಫಲಾನುಭವಿಗಳ ಪಟ್ಟಿಯನ್ನು ವಾರ ಮೊದಲೇ ಪಂಚಾಯ್ತಿ ಗೋಡೆಗೆ ಅಂಟಿಸಲಿ, ಬೀದಿ ಬೀದಿಯಲ್ಲೂ ಟಾಂಟಾಂ ಹೊಡೆಸಲಿ. ಓದಿ ಹೇಳದ ಪಟ್ಟಿಗೆ ಯಾರೂ ಕೈ ಎತ್ತಬೇಡಿ. ಜಮಾಬಂದಿಯ ದಿನ ಕಾಮಗಾರಿ ನಡೆದ ಜಾಗಕ್ಕೇ ಹೋಗಿ, ಚರಂಡಿಯನ್ನು ಟೇಪು ಹಿಡಿದು ಅಳೆಯಿರಿ, ಕಡತದ ಅಳತೆಯೊಂದಿಗೆ ತಾಳೆ ನೋಡಿ. ಹೊಂದದಿದ್ದರೆ ಪಿಡಿಒ ಎದುರೇ ನಡಾವಳಿಯಲ್ಲಿ ಬರೆಸಿ, ಅದರ ನಕಲು ಕೇಳಿ ಪಡೆಯಿರಿ.

— ಹಾರನಹಳ್ಳಿಯ ಕೆಲವು ಮತದಾರರು