ಬಜೆ ಹಿತ್ತಲಿನಲ್ಲಿರಲಿ, ಹಸುಳೆಯ ನಾಲಿಗೆಗೆ ಬೇಡ

ಕಳಸ, ಮೂಡಿಗೆರೆ ಸೀಮೆಯ ಕಾಫಿ ತೋಟಗಳ ತಗ್ಗಿನಲ್ಲಿ ಭತ್ತದ ಗದ್ದೆಗಳು ಪಾಳುಬಿದ್ದು ಹಡ್ಲಾಗುತ್ತಿರುವುದನ್ನು ಎಲ್ಲರೂ ಕಂಡಿದ್ದೇವೆ. ಅಂತಹ ನೀರು ನಿಲ್ಲುವ ನೆಲಕ್ಕೆ ಹೇಳಿ ಮಾಡಿಸಿದ ಸಸ್ಯವೆಂದರೆ ಬಜೆ. ಸಂಸ್ಕೃತದಲ್ಲಿ ಇದು ವಚಾ; ಘಾಟಿನ ಕಾರಣದಿಂದ ಉಗ್ರಗಂಧಾ ಎಂಬ ಹೆಸರೂ ಉಂಟು. ಕತ್ತಿಯಲಗಿನಂತಹ ಎಲೆಯನ್ನು ಹೊಸಕಿದರೆ ಸಾಕು, ಪರಿಮಳ ಕೈಬಿಡದು. ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿ ರೈತರು ಇದನ್ನು ಬೆಳೆಯಾಗಿಯೇ ಬೆಳೆದಿದ್ದಾರೆ. ನೀರಿಗೆ ಕೊರತೆಯಿಲ್ಲದ ಮಲೆನಾಡಿನವರು ಅಂಗಡಿಯಿಂದ ಒಣಬೇರು ತರುವುದೇಕೆ?

ಬೆಳೆಸುವುದು ಸುಲಭ. ಮೊಳಕೆಯಿರುವ ಗೆಡ್ಡೆಯ ತುಂಡುಗಳನ್ನು ಮಳೆಗಾಲದ ಆರಂಭದಲ್ಲಿ ಕೆಸರಿನಲ್ಲಿ ಒಂದಡಿ ಅಂತರದಲ್ಲಿ ಊರಿದರೆ, ವರ್ಷದೊಳಗೆ ಎಲೆ ಹಳದಿಯಾಗಿ ಗೆಡ್ಡೆ ಕೀಳಲು ಬರುತ್ತದೆ. ಜಾಗವಿಲ್ಲದವರು ಬಚ್ಚಲ ನೀರು ಹರಿಯದ ಕಡೆ ಹಳೆಯ ಕಲ್ಲುಬಾನಿಯಲ್ಲಿಯೂ ನೆಡಬಹುದು. ಆದರೆ ಪಲ್ಪರ್ ಮನೆಯ ನೀರು ಇಳಿಯುವ ಕಾಲುವೆಯೂ, ಮೈಲುತುತ್ತ ಸಿಂಪಡಿಸಿದ ತೋಟದ ಬಸಿಗಾಲುವೆಯೂ ಇದಕ್ಕೆ ತಕ್ಕ ಸ್ಥಳವಲ್ಲ. ಜೌಗುಸಸ್ಯಗಳ ಬೇರು ನೀರಿನಲ್ಲಿರುವ ಲೋಹವನ್ನೂ ಹೀರಬಲ್ಲದು.

ಇನ್ನು ಮುಖ್ಯ ಮಾತು. ಮಗುವಿಗೆ ಮಾತು ಸ್ಫುಟವಾಗಿ ಬರಲೆಂದು ಸಾಣೆಕಲ್ಲಿನ ಮೇಲೆ ಬಜೆ ತೇಯ್ದು, ಜೇನಿನಲ್ಲಿ ಕಲಸಿ ನೆಕ್ಕಿಸುವ ರೂಢಿ ನಮ್ಮ ಮನೆಗಳಲ್ಲಿ ಇಂದಿಗೂ ಇದೆ. ಇದರ ಹಿಂದಿರುವ ಅಕ್ಕರೆಯನ್ನು ಯಾರೂ ಶಂಕಿಸರು. ಆದರೆ ನಮ್ಮ ದೇಶದ ಬಜೆಯ ತೈಲದಲ್ಲಿ ಬೀಟಾ ಅಸರೋನ್ ಎಂಬ ಅಂಶ ಹೆಚ್ಚಾಗಿದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಇದರಿಂದ ಗಡ್ಡೆಗಳು ಬೆಳೆದದ್ದು ಕಂಡುಬಂದ ಮೇಲೆ ಅಮೆರಿಕವು 1968ರಲ್ಲಿ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತು. ಪರದೇಶದ ಮಾತು ನಮಗೇಕೆ ಎನ್ನುವವರು ಆಯುರ್ವೇದವನ್ನೇ ಕೇಳಲಿ. ಅದು ವಚೆಯನ್ನು ವಾಂತಿ ತರಿಸುವ ದ್ರವ್ಯಗಳ ಸಾಲಿನಲ್ಲಿ ಇರಿಸಿದೆ. ಗೋಮೂತ್ರ ಮೊದಲಾದವುಗಳಲ್ಲಿ ಬೇಯಿಸಿ ಶೋಧಿಸುವ ಕ್ರಮವನ್ನೂ ವಿಧಿಸಿದೆ. ಸಾಣೆಕಲ್ಲಿಗೆ ಬರುವ ಹಸಿ ತುಂಡಿಗೆ ಈ ಶೋಧನೆ ಎಲ್ಲಿ ನಡೆದಿರುತ್ತದೆ? ಎಷ್ಟು ಸುತ್ತು ತೇಯ್ದರೆ ಎಷ್ಟು ಮದ್ದು ಎಂಬ ಅಳತೆಯಾದರೂ ಯಾರಲ್ಲಿದೆ?

ಜೇನೂ ನಿರಪಾಯವಲ್ಲ. ವರ್ಷ ತುಂಬದ ಶಿಶುವಿಗೆ ಜೇನು ಬೇಡವೆಂದು ವೈದ್ಯರು ಹೇಳುವುದಕ್ಕೆ ಅದರಲ್ಲಿ ಇರಬಹುದಾದ ಬಾಟುಲಿಸಮ್ ರೋಗಾಣುವೇ ಕಾರಣ. ಮೊದಲ ಆರು ತಿಂಗಳು ತಾಯಿಯ ಹಾಲಲ್ಲದೆ ಬೇರೇನೂ ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಾತು ತಡವಾದ ಮಗುವಿಗೆ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ಬಜೆಯನ್ನು ನಂಬಿ ಕುಳಿತರೆ ಆ ಅಮೂಲ್ಯ ತಿಂಗಳುಗಳು ಕಳೆದುಹೋಗುತ್ತವೆ. ಕೈಗೆ ಕಟ್ಟುವ ಬಜೆಯ ಸರವೂ ಮಗುವಿನ ಬಾಯಿಗೇ ಹೋಗುವುದೆಂಬುದನ್ನು ಅಜ್ಜಿಯಂದಿರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಬೆಳೆಸುವುದೇತಕ್ಕೆ? ತಾಳೆಗರಿಯ ಕಟ್ಟುಗಳ ನಡುವೆ ಬಜೆಯ ತುಂಡಿರಿಸಿ ಹುಳುವನ್ನು ದೂರವಿಟ್ಟವರು ನಮ್ಮ ಹಿರಿಯರು. ಪುಸ್ತಕದ ಕಪಾಟಿಗೂ, ಬಿತ್ತನೆಗೆಂದು ತೆಗೆದಿರಿಸಿದ ಬೀಜಕ್ಕೂ ಇದು ಇಂದಿಗೂ ಒದಗುತ್ತದೆ. ಔಷಧವಾಗಿ ಬೇಕಾದವರು ವೈದ್ಯರನ್ನು ಕೇಳಿ, ಶೋಧಿಸಿದ್ದನ್ನೇ ಅವರು ಹೇಳಿದ ಅಳತೆಯಲ್ಲಿ ಸೇವಿಸಲಿ. ಗರ್ಭಿಣಿಯರು ಇದರ ಗೊಡವೆಗೇ ಹೋಗಬಾರದು.