ನೀರು ಶುದ್ಧವಾಯಿತು, ವಿಕಿರಣ ಎಲ್ಲಿಗೆ ಹೋಯಿತು?

ಜಪಾನಿನ ಫುಕುಶಿಮಾ ಅಣುಸ್ಥಾವರದ ಸಂಸ್ಕರಿತ ನೀರನ್ನು ಪೆಸಿಫಿಕ್ ಸಾಗರಕ್ಕೆ ಬಿಡುವ ಕಾರ್ಯ 2023ರ ಆಗಸ್ಟ್ 24ರಂದು ಆರಂಭವಾಯಿತು. ಅದೇ ದಿನ ಚೀನಾ ಜಪಾನಿನ ಸಮುದ್ರೋತ್ಪನ್ನಗಳ ಆಮದನ್ನು ನಿಲ್ಲಿಸಿತು. ಯೋಜನೆಯು ಸುರಕ್ಷತಾ ಮಾನದಂಡಗಳಿಗೆ ಅನುಗುಣವಾಗಿದೆ ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಅದಕ್ಕೆ ಮೊದಲೇ ಹೇಳಿತ್ತು. ಈ ವಾದವಿವಾದಗಳ ನಡುವೆ ಮೂಲಪ್ರಶ್ನೆಯೊಂದು ಹಿಂದೆ ಸರಿದಿದೆ: ನೀರಿನಿಂದ ತೆಗೆದ ವಿಕಿರಣಶೀಲ ಲೋಹ ಎಲ್ಲಿಗೆ ಹೋಗುತ್ತದೆ?

2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯ ತರುವಾಯ ಅಲ್ಲಿನ ಮೂರು ರಿಯಾಕ್ಟರುಗಳ ಇಂಧನ ಕರಗಿತು. ಅದನ್ನು ತಣಿಸಲು ಸುರಿದ ನೀರೂ ಒಳಗೆ ಜಿನುಗಿದ ಅಂತರ್ಜಲವೂ ಕಲುಷಿತವಾದವು. ಹೀಗೆ ಶೇಖರವಾದ ನೀರಿನ ಪ್ರಮಾಣ 13 ಲಕ್ಷ ಟನ್ನನ್ನು ಮೀರಿತು. ಅದನ್ನು ತುಂಬಿಡಲು ಸಾವಿರಕ್ಕೂ ಹೆಚ್ಚು ತೊಟ್ಟಿಗಳು ಬೇಕಾದವು.

ಆ ನೀರಿನಿಂದ ಸೀಸಿಯಂ ಲೋಹವನ್ನು ಬೇರ್ಪಡಿಸಲು ಮೊದಲು ನೆರವಾದದ್ದು ಜಿಯೋಲೈಟ್ ಎಂಬ ಖನಿಜ. ಅಲ್ಯೂಮಿನಿಯಂ, ಸಿಲಿಕಾನ್ ಮತ್ತು ಆಮ್ಲಜನಕಗಳಿಂದಾದ ಅದರ ಹಂದರದ ತುಂಬ ಸೂಕ್ಷ್ಮ ರಂಧ್ರಗಳಿವೆ. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಬರುವ ಒಂದು ಪಾಲಿಗಿಂತಲೂ ಆ ರಂಧ್ರಗಳು ಕಿರಿದು. ಹಂದರಕ್ಕೆ ಋಣ ವಿದ್ಯುದಂಶವಿರುವುದರಿಂದ ರಂಧ್ರಗಳಲ್ಲಿ ಸೋಡಿಯಂ ಅಯಾನುಗಳು ನೆಲೆಸಿರುತ್ತವೆ. ಕಲುಷಿತ ನೀರು ಹಾದುಹೋಗುವಾಗ ಸೋಡಿಯಂ ಹೊರಬಿದ್ದು ಸೀಸಿಯಂ ಅದರ ಸ್ಥಾನವನ್ನು ಹಿಡಿಯುತ್ತದೆ. ಸ್ಟ್ರಾಂಷಿಯಂ ಲೋಹಕ್ಕೆ ಟೈಟನೇಟ್ ಎಂಬ ಬೇರೆ ವಸ್ತು ಬೇಕು. ಟ್ರಿಟಿಯಂ ಮಾತ್ರ ಈ ಯಾವ ಬಲೆಗೂ ಬೀಳದು. ಅದು ಜಲಜನಕದ ಒಂದು ರೂಪವಾದುದರಿಂದ ನೀರಿನ ಅಣುವಿನಲ್ಲೇ ಸೇರಿಕೊಂಡಿರುತ್ತದೆ. ಆದ್ದರಿಂದ ಅದನ್ನು ಲೀಟರಿಗೆ 1,500 ಬೆಕೆರೆಲ್‌ಗಿಂತ ಕೆಳಗಿಳಿಯುವಂತೆ ಸಮುದ್ರದ ನೀರಿನಿಂದ ತೆಳುಗೊಳಿಸಿ ಬಿಡಲಾಗುತ್ತಿದೆ.

ಇಲ್ಲಿ ಎರಡು ಸಂಗತಿಗಳನ್ನು ನಾವು ಗಮನಿಸಬೇಕು. ಮೊದಲನೆಯದಾಗಿ, ರಂಧ್ರಗಳು ತುಂಬಿದ ಮೇಲೆ ವಸ್ತುವನ್ನು ಬದಲಿಸದಿದ್ದರೆ ಶೋಧನೆ ಸಾಗದು. ಸಂಸ್ಕರಿಸಿ ಶೇಖರಿಸಿದ್ದ ನೀರಿನ ಬಹುಪಾಲಿನಲ್ಲಿ ಸ್ಟ್ರಾಂಷಿಯಂ ಮೊದಲಾದವು ಮಿತಿ ಮೀರಿ ಉಳಿದಿವೆಯೆಂದು ಸ್ಥಾವರದ ನಿರ್ವಾಹಕ ಸಂಸ್ಥೆ ಟೆಪ್ಕೊ 2018ರಲ್ಲಿ ಒಪ್ಪಿಕೊಂಡಿತು. ಅಂಥ ನೀರನ್ನು ಮತ್ತೊಮ್ಮೆ ಸಂಸ್ಕರಿಸಬೇಕಾಯಿತು. ‘ಸಂಸ್ಕರಿತ’ ಎಂಬ ಪದವಷ್ಟೇ ಸಾಲದು, ಅಳತೆಯೂ ಬೇಕೆಂಬುದಕ್ಕೆ ಇದು ನಿದರ್ಶನ.

ಎರಡನೆಯದಾಗಿ, ಈ ಕ್ರಿಯೆಯಲ್ಲಿ ವಿಕಿರಣ ನಾಶವಾಗುವುದಿಲ್ಲ, ಸ್ಥಳಾಂತರಗೊಳ್ಳುತ್ತದೆ. ಅಪಾರ ನೀರಿನಲ್ಲಿ ಹರಡಿದ್ದದ್ದು ಅಲ್ಪ ಘನವಸ್ತುವಿನಲ್ಲಿ ಸಾಂದ್ರವಾಗುತ್ತದೆ. ಕಾಯಲು ಇದು ಸುಲಭ, ಆದರೆ ಕಾಯಲೇಬೇಕು. ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷ. ಅದು ಸಾವಿರದ ಒಂದು ಪಾಲಿಗೆ ಇಳಿಯಲು ಸುಮಾರು 300 ವರ್ಷ ಬೇಕೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಲೆಕ್ಕ ಹಾಕಬಲ್ಲ. ಬಳಸಿದ ಜಿಯೋಲೈಟ್ ಇಂದಿಗೂ ಸ್ಥಾವರದ ಆವರಣದಲ್ಲಿಯೇ ಇದೆ.

ಗಡಿನಾಡಿನವರಾದ ನಮಗೆ ಅಣುಶಕ್ತಿ ದೂರದ ಸಂಗತಿಯಲ್ಲ. ಗೋವೆಯ ಗಡಿಗೆ ಸಮೀಪದ ಕೈಗಾದಲ್ಲಿ ಅಣುಸ್ಥಾವರವಿದೆ. ಆಂಧ್ರದ ತುಮ್ಮಲಪಲ್ಲೆಯಲ್ಲಿ ಯುರೇನಿಯಂ ಗಣಿಯಿದೆ. ಫುಕುಶಿಮಾದ ಸ್ಥಿತಿಯನ್ನು ಅವುಗಳಿಗೆ ಆರೋಪಿಸಿ ಭೀತಿ ಹುಟ್ಟಿಸುವುದು ಸಲ್ಲದು. ಆದರೆ ತೆಗೆದ ಲೋಹ ಎಲ್ಲಿದೆ, ಅಳೆದವರು ಯಾರು, ಕಾಯುವವರು ಯಾರು ಎಂಬ ಮೂರು ಪ್ರಶ್ನೆಗಳು ಎಲ್ಲೆಡೆಯೂ ನ್ಯಾಯವಾದವು. ಕನ್ನಡದಲ್ಲಿ ವಿಜ್ಞಾನ ಕಲಿಯುವ ನಮ್ಮ ಮಕ್ಕಳು ಆ ಪ್ರಶ್ನೆಗಳನ್ನು ಕನ್ನಡದಲ್ಲೇ ಕೇಳಬಲ್ಲವರಾಗಲಿ. ಉತ್ತರಗಳೂ ಅವರಿಗೆ ತಿಳಿಯುವ ಭಾಷೆಯಲ್ಲೇ ದೊರೆಯಲಿ.